ಇಂಟರ್, ಪಿಎಸ್‌ಜಿ ಮತ್ತು ಶ್ಕ್ರಿನಿಯಾರ್: ಒಂದು ಒಪ್ಪಂದ ಕೈತಪ್ಪಿದ ಬಗೆ

2023ರ ಜೂನ್ 30ರಂದು ಸ್ಲೊವಾಕಿಯಾದ ರಕ್ಷಣಾ ಆಟಗಾರ ಮಿಲಾನ್ ಶ್ಕ್ರಿನಿಯಾರ್ ಅವರಿಗೂ ಇಟಲಿಯ ಮಿಲಾನ್ ನಗರದ ಇಂಟರ್ ಫುಟ್ಬಾಲ್ ಕ್ಲಬ್ಬಿಗೂ ನಡುವಿನ ಒಪ್ಪಂದದ ಅವಧಿ ಮುಗಿಯಿತು. ಜುಲೈ 6ರಂದು ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ) ಕ್ಲಬ್ಬು ಅವರೊಂದಿಗೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿರುವುದಾಗಿ ಪ್ರಕಟಿಸಿತು. ಅದಕ್ಕೆ ಸರಿಯಾಗಿ ಒಂದು ವರ್ಷ ಹಿಂದೆ ಇದೇ ಪ್ಯಾರಿಸ್ ಕ್ಲಬ್ಬು ಇದೇ ಆಟಗಾರನಿಗಾಗಿ ಸುಮಾರು 5 ಕೋಟಿ ಯುರೋ ಕೊಡಲು ಸಿದ್ಧವಿತ್ತೆಂದು ಇಟಲಿಯ ಪತ್ರಿಕೆಗಳು ಬರೆದಿದ್ದವು. ಕೊನೆಗೆ ಇಂಟರ್‌ನ ಬೊಕ್ಕಸಕ್ಕೆ ಈ ವರ್ಗಾವಣೆಯಿಂದ ಒಂದು ಯುರೋ ಕೂಡ ಬರಲಿಲ್ಲ. ಈ ಪ್ರಕರಣವನ್ನು ಆಟಗಾರನ ಕೃತಘ್ನತೆ ಎಂದು ಹೇಳಿ ಮುಗಿಸಿದವರು ಬಹಳ ಮಂದಿ. ಅವನ ಹಕ್ಕು, ಅವನು ಚಲಾಯಿಸಿದ ಎಂದು ಹೇಳಿ ಮುಗಿಸಿದವರೂ ಇದ್ದಾರೆ. ಘಟನೆಗಳನ್ನು ದಿನಾಂಕಗಳ ಸಮೇತ ಒಂದರ ಪಕ್ಕ ಒಂದಿಟ್ಟು ನೋಡಿದರೆ ಎರಡೂ ತೀರ್ಪುಗಳು ಸಾಲವು. ನಿರ್ಧಾರ ಆದದ್ದು 2023ರ ಜನವರಿಯಲ್ಲಲ್ಲ, 2022ರ ಬೇಸಿಗೆಯಲ್ಲಿ. ಅದರ ಪರಿಣಾಮವನ್ನು ಕ್ಲಬ್ಬಿಗಿಂತ ಹೆಚ್ಚು ಕಾಲ ಹೊತ್ತದ್ದು ಆಟಗಾರನೇ ಎಂಬುದು ನನ್ನ ಅಭಿಪ್ರಾಯ.

ಝಿಲಿನಾದಿಂದ ಮಿಲಾನ್‌ವರೆಗೆ

ಶ್ಕ್ರಿನಿಯಾರ್ ಹುಟ್ಟಿದ್ದು 1995ರ ಫೆಬ್ರವರಿ 11ರಂದು, ಮಧ್ಯ ಸ್ಲೊವಾಕಿಯಾದ ಝಿಯಾರ್ ನಾದ್ ಹ್ರೊನೊಮ್ ಎಂಬ ಪಟ್ಟಣದಲ್ಲಿ. ಹ್ರೊನ್ ನದಿಯ ದಂಡೆಯ ಈ ಊರು ಅಲ್ಯೂಮಿನಿಯಂ ಕಾರ್ಖಾನೆಗೆ ಹೆಸರಾದದ್ದು. ಊರಿನ ಕ್ಲಬ್ಬಿನಲ್ಲಿ ಆಟ ಕಲಿತು, ಬಾಲಕನಾಗಿದ್ದಾಗಲೇ ದೇಶದ ವಾಯವ್ಯ ಭಾಗದ ಝಿಲಿನಾ ಕ್ಲಬ್ಬಿನ ತರಬೇತಿ ಶಾಲೆ ಸೇರಿದರು. ಐವತ್ತೈದು ಲಕ್ಷದ ಆಸುಪಾಸು ಜನಸಂಖ್ಯೆಯ ದೇಶದಲ್ಲಿ ದೊಡ್ಡ ಕ್ಲಬ್ಬುಗಳು ಬದುಕುವುದೇ ಹುಡುಗರನ್ನು ಬೆಳೆಸಿ ಹೊರದೇಶಕ್ಕೆ ಮಾರುವುದರಿಂದ, ಮತ್ತು ಝಿಲಿನಾ ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದ ಸಂಸ್ಥೆ. ಇಂದು ಸ್ಲೊವಾಕಿಯಾ ತಂಡದ ರಕ್ಷಣೆಯಲ್ಲಿ ಶ್ಕ್ರಿನಿಯಾರ್ ಜೊತೆ ನಿಲ್ಲುವ ಡೇವಿಡ್ ಹಾಂಕೊ ಕೂಡ ಅಲ್ಲಿಂದಲೇ ಬಂದವರು. 2012ರಲ್ಲಿ ಹಿರಿಯರ ತಂಡಕ್ಕೆ ಪ್ರವೇಶ, 2013ರಲ್ಲಿ ಝ್ಲಾಟೆ ಮೊರಾವ್ಟ್ಸೆ ಕ್ಲಬ್ಬಿಗೆ ಸ್ವಲ್ಪ ಕಾಲ ಎರವಲು, ಮತ್ತೆ ಝಿಲಿನಾ. 2016ರ ಜನವರಿಯಲ್ಲಿ ಜಿನೋವಾ ನಗರದ ಸಂಪ್ಡೋರಿಯಾ ಅವರನ್ನು ಕೊಂಡಿತು.

ಮೊದಲ ಅರ್ಧ ಋತುವಿನಲ್ಲಿ ಆಡಲು ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಮರುವರ್ಷ ತರಬೇತುದಾರ ಮಾರ್ಕೊ ಜಾಂಪಾವ್ಲೊ ಅವರ ಕೈಕೆಳಗೆ ಅವರು ಕಾಯಂ ಸೆಂಟರ್ ಬ್ಯಾಕ್, ಅಂದರೆ ರಕ್ಷಣೆಯ ನಡುವಿನ ಆಟಗಾರ, ಆದರು. ಆ ಒಂದೇ ಋತು ಸಾಕಾಯಿತು. 2017ರ ಜುಲೈನಲ್ಲಿ ಇಂಟರ್ ಅವರನ್ನು ದೊಡ್ಡ ಮೊತ್ತ ಕೊಟ್ಟು ತೆಗೆದುಕೊಂಡಿತು. ವಿನಿಮಯದ ಭಾಗವಾಗಿ ಮುನ್ಪಡೆ ಆಟಗಾರ ಜಾನ್‌ಲೂಕಾ ಕಪ್ರಾರಿ ಸಂಪ್ಡೋರಿಯಾಗೆ ಹೋದರು. ಆಗ ಶ್ಕ್ರಿನಿಯಾರ್‌ಗೆ 22 ವರ್ಷ. ಇಷ್ಟು ಎಳೆಯ, ಅಷ್ಟೇನೂ ಹೆಸರಿಲ್ಲದ ಆಟಗಾರನಿಗೆ ಇಷ್ಟು ಹಣವೇ ಎಂದು ಮಿಲಾನ್‌ನಲ್ಲಿ ಗೊಣಗಿದವರಿಗೆ ಉತ್ತರ ಬೇಗನೆ ಸಿಕ್ಕಿತು. ಲುಚಾನೊ ಸ್ಪಲೆಟ್ಟಿ ಅವರ ತಂಡದಲ್ಲಿ ಆ ಋತುವಿನ 38 ಲೀಗ್ ಪಂದ್ಯಗಳಲ್ಲಿ 38ರಲ್ಲೂ ಅವರು ಆಡಿದರು, 4 ಗೋಲು ಹೊಡೆದರು.

ಆ ಋತುವಿನ ಕೊನೆಯ ಪಂದ್ಯದ ಬಗ್ಗೆ ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನ ಕಥೆಯ ಬೀಜ ಅಲ್ಲಿದೆ. 2018ರ ಮೇ 20ರಂದು ರೋಮ್‌ನ ಒಲಿಂಪಿಕೊ ಮೈದಾನದಲ್ಲಿ ಲಾಟ್ಸಿಯೊ ಮತ್ತು ಇಂಟರ್ ಎದುರಾದವು; ಗೆದ್ದರೆ ಮಾತ್ರ ಇಂಟರ್‌ಗೆ ಯುರೋಪಿನ ಕ್ಲಬ್ಬುಗಳ ಅತ್ಯುನ್ನತ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಪ್ರವೇಶ, ಡ್ರಾ ಆದರೂ ಆ ಸ್ಥಾನ ಲಾಟ್ಸಿಯೊ ಪಾಲು. ಲಾಟ್ಸಿಯೊ ರಕ್ಷಣೆಯಲ್ಲಿ ನಿಂತಿದ್ದವರು ಡಚ್ ಆಟಗಾರ ಸ್ಟೆಫಾನ್ ಡೆ ಫ್ರೈ. ಅವರ ಒಪ್ಪಂದ ಮುಗಿಯುವುದರಲ್ಲಿತ್ತು. ಮುಂದಿನ ಋತುವಿಗೆ ಅವರು ಸೇರಲಿದ್ದ ಕ್ಲಬ್ಬು ಎದುರಿಗಿದ್ದ ಇಂಟರ್ ಎಂಬುದು ಎಲ್ಲರಿಗೂ ಗೊತ್ತಿತ್ತು. 2-1ರಿಂದ ಲಾಟ್ಸಿಯೊ ಮುಂದಿದ್ದಾಗ, ಪಂದ್ಯ ಮುಗಿಯಲು ಹತ್ತು ಹನ್ನೆರಡು ನಿಮಿಷಗಳಿರುವಾಗ, ಡೆ ಫ್ರೈ ಪೆನಾಲ್ಟಿ ಆವರಣದೊಳಗೆ ಮೌರೊ ಇಕಾರ್ಡಿಯನ್ನು ಕೆಡವಿದರು. ಇಕಾರ್ಡಿ ಪೆನಾಲ್ಟಿಯಲ್ಲಿ ಸಮಬಲ ತಂದರು, ಮಟಿಯಾಸ್ ವೆಸಿನೊ ತಲೆಯಿಂದ ಗೆಲುವಿನ ಗೋಲು ಹೊಡೆದರು, ಇಂಟರ್ 3-2ರಿಂದ ಗೆದ್ದು ಆರು ವರ್ಷಗಳ ನಂತರ ಚಾಂಪಿಯನ್ಸ್ ಲೀಗಿಗೆ ಮರಳಿತು. ಡೆ ಫ್ರೈ ಬೇಕೆಂದೇ ಹಾಗೆ ಮಾಡಿದರೆಂದು ನಾನು ಒಂದು ಕ್ಷಣವೂ ನಂಬುವುದಿಲ್ಲ. ಅದು ದಣಿದ ಕಾಲಿನ ತಪ್ಪು. ಆದರೆ ಒಪ್ಪಂದ ಮುಗಿದ ಆಟಗಾರನನ್ನು ಬಿಡಿಗಾಸು ಕೊಡದೆ ಕರೆತರುವ ಲಾಭವನ್ನು ಇಂಟರ್ ಆ ಬೇಸಿಗೆಯಲ್ಲಿ ಪೂರ್ತಿ ಅನುಭವಿಸಿತು. 2021ರಲ್ಲಿ ನೆರೆಯ ಎ.ಸಿ. ಮಿಲಾನ್‌ನಿಂದ ಹಕಾನ್ ಚಾಲ್ಹಾನೊಲು, 2022ರಲ್ಲಿ ರೋಮಾದಿಂದ ಹೆನ್ರಿಕ್ ಮ್ಖಿತರ್ಯಾನ್, ಆಯಾಕ್ಸ್‌ನಿಂದ ಗೋಲ್‌ಕೀಪರ್ ಆಂದ್ರೆ ಒನಾನಾ, ಎಲ್ಲರೂ ಹಾಗೆಯೇ ಬಂದವರು.

ಮೂವರ ಸಾಲಿನಲ್ಲಿ

2019ರ ಮೇ ತಿಂಗಳಲ್ಲಿ ಶ್ಕ್ರಿನಿಯಾರ್ ತಮ್ಮ ಒಪ್ಪಂದವನ್ನು 2023ರ ಜೂನ್‌ವರೆಗೆ ವಿಸ್ತರಿಸಿಕೊಂಡರು. ಅದೇ ಬೇಸಿಗೆಯಲ್ಲಿ ಆಂಟೋನಿಯೊ ಕಾಂಟೆ ತರಬೇತುದಾರರಾಗಿ ಬಂದರು. ಜೊತೆಗೆ ಮೂವರು ಸೆಂಟರ್ ಬ್ಯಾಕ್‌ಗಳ 3-5-2 ವ್ಯವಸ್ಥೆಯೂ ಬಂತು. ನಾಲ್ವರ ಸಾಲಿನಲ್ಲಿ ಸೆಂಟರ್ ಬ್ಯಾಕ್‌ನ ಪಕ್ಕದಲ್ಲಿ ಒಬ್ಬ ಜೊತೆಗಾರ, ಹೊರಬದಿಯಲ್ಲಿ ಒಬ್ಬ ಫುಲ್ ಬ್ಯಾಕ್ ಇರುತ್ತಾನೆ. ಅವನ ಕೆಲಸ ಬಹುಮಟ್ಟಿಗೆ ಗೋಲಿನ ಮುಂದಿನ ಅಂಗಳವನ್ನು ಕಾಯುವುದು. ಮೂವರ ಸಾಲಿನಲ್ಲಿ ಅಂಚಿನವನು, ಪಕ್ಕದ ಬದಿಯ ಆಟಗಾರ (ವಿಂಗ್ ಬ್ಯಾಕ್) ದಾಳಿಗೆ ಮುನ್ನಡೆದಾಗ ಖಾಲಿ ಬಿದ್ದ ಜಾಗಕ್ಕೆ ತಾನೇ ಓಡಬೇಕು, ಚೆಂಡನ್ನು ಒಯ್ದು ಮಧ್ಯರೇಖೆ ದಾಟಬೇಕು, ದಾಳಿಯಲ್ಲೂ ಕೈಗೂಡಿಸಬೇಕು. ಶ್ಕ್ರಿನಿಯಾರ್ ಅದಕ್ಕೆ ಹೊಂದಿಕೊಳ್ಳಲು ಒಂದು ವರ್ಷ ತಿಣುಕಾಡಿದರು. 2020ರ ಆಗಸ್ಟ್‌ನಲ್ಲಿ ಕೊಲೋನ್‌ನಲ್ಲಿ ಸೆವಿಯಾ ವಿರುದ್ಧದ ಯುರೋಪಾ ಲೀಗ್ ಫೈನಲ್‌ನ ಆರಂಭಿಕ ಹನ್ನೊಂದರಲ್ಲಿ ಅವರಿರಲಿಲ್ಲ. ಆ ಬೇಸಿಗೆಯಲ್ಲಿ ಟಾಟನ್‌ಹ್ಯಾಮ್ ಅವರನ್ನು ಕೊಳ್ಳಲು ಕೇಳಿತ್ತು, ಮಾತು ಹಣದ ವಿಷಯದಲ್ಲಿ ಮುರಿಯಿತು.

ಅವರು ಉಳಿದದ್ದು ಇಂಟರ್‌ನ ಭಾಗ್ಯ. 2020-21ರಲ್ಲಿ ಬಲಗಡೆ ಶ್ಕ್ರಿನಿಯಾರ್, ನಡುವೆ ಡೆ ಫ್ರೈ, ಎಡಗಡೆ ಅಲೆಸಾಂಡ್ರೊ ಬಸ್ತೋನಿ ನಿಂತ ಸಾಲು ಲೀಗಿನಲ್ಲೇ ಅತಿ ಕಡಿಮೆ, 35 ಗೋಲುಗಳನ್ನು ಬಿಟ್ಟುಕೊಟ್ಟಿತು. 91 ಅಂಕಗಳೊಂದಿಗೆ ಇಂಟರ್ ಹನ್ನೊಂದು ವರ್ಷಗಳ ನಂತರ ಚಾಂಪಿಯನ್ ಆಯಿತು, ಯುವೆಂಟಸ್‌ನ ಸತತ ಒಂಬತ್ತು ಪ್ರಶಸ್ತಿಗಳ ಸರಣಿ ಮುರಿಯಿತು. ಮಾರ್ಚ್ 8ರಂದು ಅಟಲಾಂಟಾ ವಿರುದ್ಧ ಕಾರ್ನರ್ ನಂತರದ ನೂಕುನುಗ್ಗಲಿನಲ್ಲಿ ಅವರು ಹೊಡೆದದ್ದೇ ಆ ಪಂದ್ಯದ ಏಕೈಕ ಗೋಲು.

ಅದೇ ವರ್ಷದ ಜೂನ್ 14ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಯುರೋಪಿನ ದೇಶಗಳ ಯುರೋ ಟೂರ್ನಿಯಲ್ಲಿ ಪೋಲೆಂಡ್ ವಿರುದ್ಧ ಅವರು ಆಡಿದ ಆಟ ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಶಿಖರ. ರಾಬರ್ಟ್ ಲೆವಾಂಡೊವ್‌ಸ್ಕಿ ಆಗ ಯುರೋಪಿನ ಅತ್ಯಂತ ಅಪಾಯಕಾರಿ ಸ್ಟ್ರೈಕರ್. ಗೋಲಿಗೆ ಬೆನ್ನು ಮಾಡಿ ಚೆಂಡು ಹಿಡಿಯಲು ಅವರನ್ನು ಶ್ಕ್ರಿನಿಯಾರ್ ಬಿಡುತ್ತಿದ್ದರು, ಆದರೆ ತಿರುಗಿ ಗೋಲಿಗೆ ಮುಖ ಮಾಡಲು ಬಿಡಲಿಲ್ಲ. ಪಂದ್ಯ 1-1 ಇದ್ದಾಗ, 69ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡು ಪೆನಾಲ್ಟಿ ಆವರಣದ ನಡುವೆ ಅವರ ಕಾಲಿಗೆ ಸಿಕ್ಕಿತು. ಡಿಫೆಂಡರ್‌ಗಳು ಇಂಥ ಚೆಂಡನ್ನು ಸಾಮಾನ್ಯವಾಗಿ ಕಣ್ಣುಮುಚ್ಚಿ ಒದ್ದು ಆಕಾಶಕ್ಕೆ ಕಳಿಸುತ್ತಾರೆ. ಅವರು ಮೊದಲ ಸ್ಪರ್ಶದಲ್ಲಿ ಚೆಂಡನ್ನು ತಣ್ಣಗೆ ಹಿಡಿದು, ಎರಡನೆಯದರಲ್ಲಿ ನೆಲಕ್ಕಂಟಿದಂತೆ ಗೋಲಿನ ಮೂಲೆಗೆ ಹೊಡೆದರು. ಸ್ಲೊವಾಕಿಯಾ 2-1ರಿಂದ ಗೆದ್ದಿತು. ಮುಂದೆ ಸ್ಪೇನ್ ಎದುರು 0-5ರ ಸೋಲಿನೊಂದಿಗೆ ತಂಡ ಹೊರಬಿತ್ತಾದರೂ ಆ ಒಂದು ಸಂಜೆ ಶ್ಕ್ರಿನಿಯಾರ್ ಬೆಲೆ ಏನೆಂಬುದನ್ನು ಯುರೋಪಿಗೆ ತೋರಿಸಿಕೊಟ್ಟಿತು.

2022ರ ಬೇಸಿಗೆ

ಇಂಟರ್‌ನ ಹಣಕಾಸು ಆ ಹೊತ್ತಿಗೆ ಬಿಗಿಯಾಗಿತ್ತು. ಕೋವಿಡ್ ಕಾಲದ ನಷ್ಟ ಒಂದು ಕಡೆ, ಮಾಲೀಕ ಸಂಸ್ಥೆ ಚೀನಾದ ಸುನಿಂಗ್‌ನ ಸ್ವಂತ ತೊಂದರೆಗಳು ಇನ್ನೊಂದು ಕಡೆ; 2021ರ ಮೇ ತಿಂಗಳಲ್ಲಿ ಅಮೆರಿಕದ ಓಕ್‌ಟ್ರೀ ಸಂಸ್ಥೆಯಿಂದ 27.5 ಕೋಟಿ ಯುರೋ ಸಾಲ ತಂದಿದ್ದರು. ಚಾಂಪಿಯನ್ ಆದ ಬೆನ್ನಲ್ಲೇ ಅಶ್ರಫ್ ಹಕೀಮಿಯನ್ನು ಪಿಎಸ್‌ಜಿಗೂ ರೊಮೇಲು ಲುಕಾಕುವನ್ನು ಚೆಲ್ಸಿಗೂ ಮಾರಿದ್ದು ಅದೇ ಕಾರಣಕ್ಕೆ. 2022ರಲ್ಲೂ ಯಾರನ್ನಾದರೂ ಮಾರಲೇಬೇಕಿತ್ತು.

ಲೆಕ್ಕಪತ್ರದ ದೃಷ್ಟಿಯಿಂದ ಶ್ಕ್ರಿನಿಯಾರ್‌ಗಿಂತ ಸೂಕ್ತ ಆಯ್ಕೆ ಇನ್ನೊಂದಿರಲಿಲ್ಲ. ಕ್ಲಬ್ಬೊಂದು ಆಟಗಾರನಿಗೆ ಕೊಟ್ಟ ಹಣವನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಪ್ರತಿ ವರ್ಷ ಒಂದಿಷ್ಟು ಖರ್ಚಾಗಿ ತೋರಿಸುತ್ತದೆ. 2017ರಲ್ಲಿ ಕೊಟ್ಟ ಹಣದಲ್ಲಿ 2022ರ ಹೊತ್ತಿಗೆ ಪುಸ್ತಕದಲ್ಲಿ ಉಳಿದಿದ್ದ ಮೌಲ್ಯ ಅಲ್ಪವಾದ್ದರಿಂದ, ಮಾರಿದ್ದರೆ ಬಂದ ಹಣದ ಬಹುಪಾಲು ನೇರವಾಗಿ ಲಾಭವೆಂದು ದಾಖಲಾಗುತ್ತಿತ್ತು. ಪಿಎಸ್‌ಜಿ ಆಸಕ್ತಿ ತೋರಿಸಿತು. ಹೊಸ ತರಬೇತುದಾರ ಕ್ರಿಸ್ಟೋಫ್ ಗಾಲ್ಟಿಯೇ ಅಲ್ಲಿ ಮೂವರ ಸಾಲನ್ನೇ ಆಡಿಸಲು ಹೊರಟಿದ್ದರು, ಅಂದರೆ ಶ್ಕ್ರಿನಿಯಾರ್ ಎರಡು ವರ್ಷದಿಂದ ಪಳಗಿದ್ದ ಜಾಗವೇ ಪ್ಯಾರಿಸ್‌ನಲ್ಲಿ ಅವರಿಗಾಗಿ ಕಾದಿತ್ತು.

ಇಂಟರ್ ಸುಮಾರು 7 ಕೋಟಿ ಯುರೋ ಕೇಳುತ್ತಿದೆ ಎಂಬ ವರದಿಗಳು ಬಂದವು. ಅವರು ಹೋದರೆ ಆ ಜಾಗಕ್ಕೆ ಟೊರಿನೊದ ಬ್ರೆಜಿಲ್ ಆಟಗಾರ ಗ್ಲೈಸನ್ ಬ್ರೆಮರ್‌ರನ್ನು ತರುವ ಯೋಜನೆ ಸಿದ್ಧವಿತ್ತು. ಮಾತುಕತೆ ಬಹುದೂರ ಸಾಗಿತ್ತು. ಪಿಎಸ್‌ಜಿಯೊಂದಿಗಿನ ಚೌಕಾಸಿ ಎಳೆಯುತ್ತಿದ್ದಂತೆ ಜುಲೈನಲ್ಲಿ ಯುವೆಂಟಸ್ ನುಗ್ಗಿ ಬ್ರೆಮರ್‌ರನ್ನು ಎತ್ತಿಕೊಂಡು ಹೋಯಿತು. ಇಡೀ ಪ್ರಕರಣದ ತಿರುವು ಇದೇ ಎಂದು ನನಗನ್ನಿಸುತ್ತದೆ. ಬದಲಿ ಆಟಗಾರ ಕೈತಪ್ಪಿದ ಮೇಲೆ ಮಾರುವ ಧೈರ್ಯ ಇಂಟರ್‌ಗೆ ಇರಲಿಲ್ಲ. ಕೇಳಿದ ಬೆಲೆ ಕೊಡುವ ಮನಸ್ಸು ಪಿಎಸ್‌ಜಿಗೂ ಇರಲಿಲ್ಲ. ವರ್ಗಾವಣೆಯ ಕಿಟಕಿ, ಅಂದರೆ ಆಟಗಾರರನ್ನು ಕೊಳ್ಳಲು ಮಾರಲು ಇರುವ ಅವಧಿ, ಮುಚ್ಚಿತು. ಹೀಗೆ ಕ್ಲಬ್ಬು ಆಟಗಾರನನ್ನು ಮಾರಲೂ ಇಲ್ಲ, ಆ ಹೊತ್ತಿಗೆ ಹೊಸ ಒಪ್ಪಂದಕ್ಕೆ ಅವನ ಸಹಿಯನ್ನು ಹಾಕಿಸಿಕೊಳ್ಳಲೂ ಇಲ್ಲ. ಉಳಿದದ್ದು ಹತ್ತು ತಿಂಗಳು.

ಆಟಗಾರನ ಕಡೆಯಿಂದ ಇದನ್ನು ನೋಡುವುದು ನ್ಯಾಯ. ಐದು ವರ್ಷ ಒಂದೇ ಅಂಗಿ ತೊಟ್ಟವನಿಗೆ, ನಾಯಕ ಸಮೀರ್ ಹಂಡನೊವಿಚ್ ಇಲ್ಲದಾಗ ತೋಳಿನ ಪಟ್ಟಿ ಕಟ್ಟುತ್ತಿದ್ದವನಿಗೆ, ಒಂದು ಇಡೀ ಬೇಸಿಗೆ ತನ್ನನ್ನು ಮಾರಾಟಕ್ಕಿಟ್ಟದ್ದನ್ನು ಪತ್ರಿಕೆಗಳಲ್ಲಿ ಓದಬೇಕಾಗಿ ಬಂತು. ಶರತ್ಕಾಲದಲ್ಲಿ ಇಂಟರ್ ವರ್ಷಕ್ಕೆ ಸುಮಾರು 60 ಲಕ್ಷ ಯುರೋ ಸಂಬಳದ ಹೊಸ ಒಪ್ಪಂದ ಮುಂದಿಟ್ಟಿತೆಂದು ಇಟಲಿಯ ಪತ್ರಿಕೆಗಳು ಬರೆದವು. ಆ ಮೊತ್ತ ಇಂಟರ್‌ನ ಶಕ್ತಿಗೆ ಮೀರಿದ್ದೇ. ಆದರೆ ಅದು ಬಂದಾಗ ಪರಿಸ್ಥಿತಿ ಬದಲಾಗಿತ್ತು: ಫೀಫಾ ನಿಯಮದ ಪ್ರಕಾರ ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನೊಂದಿಗೆ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದು. ಒಪ್ಪಂದ ಮುಗಿದ ಆಟಗಾರ ಹಣವಿಲ್ಲದೆ ಕ್ಲಬ್ ಬದಲಿಸುವ ಹಕ್ಕು ಬೆಲ್ಜಿಯಂನ ಜಾನ್-ಮಾರ್ಕ್ ಬೊಸ್ಮನ್ ಹೂಡಿದ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 1995ರ ಡಿಸೆಂಬರ್ 15ರಂದು ಕೊಟ್ಟ ತೀರ್ಪಿನಿಂದ ಬಂದದ್ದು. ಅದಕ್ಕೂ ಮುನ್ನ ಆಟಗಾರ ಒಪ್ಪಂದ ಮುಗಿದ ಮೇಲೂ ಕ್ಲಬ್ಬಿನ ಹಿಡಿತದಲ್ಲೇ ಉಳಿಯುತ್ತಿದ್ದ. ಅದು ಕಷ್ಟಪಟ್ಟು ಗಳಿಸಿದ ಹಕ್ಕು. ಅದನ್ನು ಬಳಸಿದವನನ್ನು ದ್ರೋಹಿ ಎನ್ನುವುದನ್ನು ನಾನು ಒಪ್ಪಲಾರೆ, ಅದರಲ್ಲೂ ಡೆ ಫ್ರೈ ಮತ್ತು ಚಾಲ್ಹಾನೊಲು ಅವರನ್ನು ಹಾಗೆಯೇ ಪಡೆದು ಸಂಭ್ರಮಿಸಿದ ಮೈದಾನದಲ್ಲಿ.

ಜನವರಿಯ ಎಂಟು ದಿನ

2023ರ ಜನವರಿ 23ರ ಸಂಜೆ ಸಾನ್ ಸಿರೊದಲ್ಲಿ ಎಂಪೊಲಿ ಎದುರಾಳಿ. ನಾಯಕನ ಪಟ್ಟಿ ಶ್ಕ್ರಿನಿಯಾರ್ ತೋಳಿನಲ್ಲಿತ್ತು. ಮೊದಲೇ ಒಂದು ಹಳದಿ ಕಾರ್ಡ್ ಪಡೆದಿದ್ದ ಅವರು 40ನೇ ನಿಮಿಷದಲ್ಲಿ ಕಾಲನ್ನು ಎತ್ತರಕ್ಕೆ ಚಾಚಿ ಎಂಪೊಲಿಯ ಫ್ರಾಂಚೆಸ್ಕೊ ಕಪೂಟೊಗೆ ತಾಗಿಸಿದರು. ಎರಡನೇ ಹಳದಿ, ನಂತರ ಕೆಂಪು. ಹತ್ತೇ ಜನರೊಂದಿಗೆ ಆಡಿದ ಇಂಟರ್ ದ್ವಿತೀಯಾರ್ಧದಲ್ಲಿ ತೊಮಾಸೊ ಬಲ್ದಾಂಜಿ ಹೊಡೆದ ಗೋಲಿನಿಂದ 0-1ರಲ್ಲಿ ಸೋತಿತು. ಸ್ವಭಾವತಃ ನಿಧಾನಿಯಾದ, ಟ್ಯಾಕಲ್‌ಗೆ ಇಳಿಯುವ ಮೊದಲು ಎದುರಾಳಿಯ ಮುಂದಿನ ಹೆಜ್ಜೆಯನ್ನು ಕಾಯುವ ಆಟಗಾರನ ಕಾಲು ಅದಲ್ಲ. ಒಂದು ತಪ್ಪಿನಿಂದ ಮನಸ್ಸಿನ ಸ್ಥಿತಿಯನ್ನು ಅಳೆಯಬಾರದು, ಆದರೂ ಆ ವಾರ ಅವರ ತಲೆಯಲ್ಲಿ ಫುಟ್ಬಾಲ್ ಒಂದೇ ಇದ್ದಿರಲಾರದು.

ಅದಾದ ಕೆಲವೇ ದಿನಗಳಲ್ಲಿ, ಒಪ್ಪಂದ ನವೀಕರಿಸುವುದಿಲ್ಲ ಎಂಬ ಅವರ ನಿರ್ಧಾರವನ್ನು ಅವರ ಏಜೆಂಟರು ಬಹಿರಂಗಪಡಿಸಿದರು. ಜನವರಿ 31ರಂದು ಕಿಟಕಿ ಮುಚ್ಚುವ ಮೊದಲು ಪಿಎಸ್‌ಜಿ ಅವರನ್ನು ಆಗಲೇ ಕರೆದೊಯ್ಯಲು ಮತ್ತೆ ಪ್ರಯತ್ನಿಸಿತು. ಬೇಸಿಗೆಯ ಬೆಲೆಯ ಹತ್ತಿರಕ್ಕೂ ಬಾರದ ಮೊತ್ತಕ್ಕೆ ಋತುವಿನ ನಡುವೆ ಬದಲಿಯಿಲ್ಲದೆ ಬಿಟ್ಟುಕೊಡಲು ಇಂಟರ್ ಒಪ್ಪಲಿಲ್ಲ. ಆ ಒಂದು ನಿರ್ಧಾರ ಸರಿ ಎಂದೇ ನನ್ನ ಎಣಿಕೆ: ತಂಡ ಬಾರ್ಸಿಲೋನಾವನ್ನು ಹಿಂದಿಕ್ಕಿ ಚಾಂಪಿಯನ್ಸ್ ಲೀಗಿನ ಗುಂಪು ದಾಟಿತ್ತು, ಮುಂದಿನ ದಾರಿ ತೆರೆದಿತ್ತು. ಆದರೆ ತೋಳಿನ ಪಟ್ಟಿ ಮರಳಿ ಅವರಿಗೆ ಸಿಗಲಿಲ್ಲ. ಮಾರ್ಚ್ ಹೊತ್ತಿಗೆ ಬೆನ್ನಿನ ಕೆಳಭಾಗದ ನೋವು ಅವರನ್ನು ಮೈದಾನದಿಂದ ಹೊರಗಿಟ್ಟಿತು. ವಸಂತದಲ್ಲಿ ಫ್ರಾನ್ಸಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಜಾಗದಲ್ಲಿ ಮತ್ತೆಯೊ ದರ್ಮಿಯಾನ್ ಆಡಿದರು, ಫುಲ್ ಬ್ಯಾಕ್ ಆಗಿ ಬಂದವರು ಸೆಂಟರ್ ಬ್ಯಾಕ್ ಕೆಲಸವನ್ನು ಎಲ್ಲೂ ಕೊರತೆ ಕಾಣದಂತೆ ಮಾಡಿದರು. ಜೂನ್ 10ರಂದು ಇಸ್ತಾಂಬುಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಫೈನಲ್‌ನಲ್ಲಿ ಇಂಟರ್ 0-1ರಿಂದ ಸೋತಾಗ ಶ್ಕ್ರಿನಿಯಾರ್ ಒಂದು ನಿಮಿಷವೂ ಆಡಿರಲಿಲ್ಲ. ಆರು ಋತುಗಳು, ಒಂದು ಲೀಗ್ ಪ್ರಶಸ್ತಿ, ಎರಡೆರಡು ಇಟಲಿ ಕಪ್ ಮತ್ತು ಸೂಪರ್ ಕಪ್‌ಗಳ ನಂತರ ಅವರು ಹೊರಟದ್ದು ಹಾಗೆ, ವಿದಾಯದ ಪಂದ್ಯವೆಂಬುದೇ ಇಲ್ಲದೆ.

ಪ್ಯಾರಿಸ್‌ನ ಸಾಲು ಬದಲಾಗಿತ್ತು

ಅವರನ್ನು ಬಯಸಿದ್ದ ಗಾಲ್ಟಿಯೇ 2023ರ ಬೇಸಿಗೆಯಲ್ಲಿ ಪಿಎಸ್‌ಜಿಯಲ್ಲಿ ಇರಲಿಲ್ಲ. ಶ್ಕ್ರಿನಿಯಾರ್ ಸೇರ್ಪಡೆ ಪ್ರಕಟವಾಗುವ ಹಿಂದಿನ ದಿನ, ಜುಲೈ 5ರಂದು, ಲೂಯಿಸ್ ಎನ್ರಿಕೆ ಹೊಸ ತರಬೇತುದಾರರೆಂದು ಘೋಷಣೆಯಾಗಿತ್ತು. ಅವರ ತಂಡ ನಾಲ್ವರ ಸಾಲಿನದು, ಎದುರಾಳಿಯ ಅರ್ಧದಲ್ಲೇ ಒತ್ತಡ ಹೇರುವಂಥದು; ಸೆಂಟರ್ ಬ್ಯಾಕ್‌ಗಳು ಮಧ್ಯರೇಖೆಯ ಬಳಿ ನಿಲ್ಲುತ್ತಾರೆ, ಅವರ ಬೆನ್ನ ಹಿಂದೆ ನಲವತ್ತು ಮೀಟರ್ ಬಯಲು. ಅಲ್ಲಿ ಬೇಕಾದದ್ದು ತಿರುಗಿ ಓಡುವ ವೇಗ. ಶ್ಕ್ರಿನಿಯಾರ್ ಬಲ ಇರುವುದು ಎದುರಾಳಿಯ ಮೈಗೆ ಮೈ ಕೊಟ್ಟು ನಿಲ್ಲುವುದರಲ್ಲಿ, ಗೋಲಿನ ಮುಂದೆ ಜಾಗ ಬಿಡದಿರುವುದರಲ್ಲಿ. ಮೊದಲ ಅರ್ಧ ಋತುವಿನಲ್ಲಿ ಅವರು ಬಹುತೇಕ ಎಲ್ಲ ದೊಡ್ಡ ಪಂದ್ಯಗಳನ್ನೂ ಆಡಿದರು. 2024ರ ಜನವರಿ 3ರಂದು ತುಲೂಸ್ ವಿರುದ್ಧದ ಸೂಪರ್ ಕಪ್ ಪಂದ್ಯದಲ್ಲಿ ಕಾಲಿನ ಹರಡಿಗೆ ಪೆಟ್ಟು ಬಿದ್ದು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಯಿತು. ಅವರು ಮರಳುವ ಹೊತ್ತಿಗೆ ಬ್ರೆಜಿಲ್‌ನ ಲೂಕಾಸ್ ಬೆರಾಲ್ಡೊ ತಂಡದಲ್ಲಿದ್ದರು, ಮರುಬೇಸಿಗೆಯಲ್ಲಿ ಇಕ್ವೆಡಾರ್‌ನ ವಿಲಿಯನ್ ಪಾಚೊ ಬಂದರು. ಶ್ಕ್ರಿನಿಯಾರ್‌ಗೆ ಬೆಂಚು ಕಾಯಂ ಆಯಿತು.

ಉಚಿತ ವರ್ಗಾವಣೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮರೆಯುವ ಒಂದು ಅಂಶ ಇಲ್ಲಿದೆ. 7 ಕೋಟಿ ಯುರೋ ಕೊಟ್ಟು ತಂದ ಆಟಗಾರನನ್ನು ಆರು ತಿಂಗಳ ಗಾಯಕ್ಕೆ ಪಕ್ಕಕ್ಕಿಟ್ಟರೆ ಕ್ಲಬ್ಬಿನ ಲೆಕ್ಕಪುಸ್ತಕದಲ್ಲಿ ದೊಡ್ಡ ನಷ್ಟ ಕಾಣುತ್ತದೆ. ಕೊಂಡವರು ಅದಕ್ಕೆ ಉತ್ತರಿಸಬೇಕಾಗುತ್ತದೆ, ಹಾಗಾಗಿ ಅವನಿಗೆ ಇನ್ನಷ್ಟು ಅವಕಾಶ ಸಿಗುತ್ತದೆ. ವರ್ಗಾವಣೆ ಹಣವಿಲ್ಲದೆ ಬಂದವನ ಹಿಂದೆ ಅಂಥ ಕಾವಲು ಇಲ್ಲ, ಅವನ ಸಂಬಳ ದೊಡ್ಡದಾದಷ್ಟೂ ಅವನನ್ನು ಕಳಿಸುವ ಆತುರವೇ ಹೆಚ್ಚು. 2022ರಲ್ಲೇ ಮಾರಾಟ ನಡೆದಿದ್ದರೆ ಇಂಟರ್‌ಗೆ ಹಣ, ಪಿಎಸ್‌ಜಿಗೆ ತಾನು ಬಯಸಿದ ವ್ಯವಸ್ಥೆಗೆ ತಕ್ಕ ಆಟಗಾರ, ಶ್ಕ್ರಿನಿಯಾರ್‌ಗೆ ಬೆನ್ನುನೋವಿಗೆ ಮುಂಚಿನ ಒಂದು ಪೂರ್ಣ ಋತು ಸಿಗುತ್ತಿತ್ತು.

ಇಂಟರ್ ಪಾಠ ಕಲಿತದ್ದು ಅದರ ಮುಂದಿನ ನಡೆಗಳಲ್ಲಿ ಕಾಣುತ್ತದೆ. ಶ್ಕ್ರಿನಿಯಾರ್ ಜಾಗಕ್ಕೆ ಬಾಯರ್ನ್‌ನಿಂದ ಬೆಂಜಮಿನ್ ಪವಾರ್‌ರನ್ನು ಸುಮಾರು 3 ಕೋಟಿ ಯುರೋ ಕೊಟ್ಟು ತಂದಿತು, ಅಂದರೆ ಕಳೆದುಕೊಂಡದ್ದರ ಮೇಲೆ ಮತ್ತೆ ಖರ್ಚು. ಅದೇ ಬೇಸಿಗೆಯಲ್ಲಿ, ಒಂದೇ ವರ್ಷದ ಒಪ್ಪಂದ ಬಾಕಿಯಿದ್ದ ಬಸ್ತೋನಿಯ ಸಹಿಯನ್ನು 2028ರವರೆಗೆ ಪಡೆದುಕೊಂಡಿತು. 2024ರಲ್ಲಿ ಬರೆಲ್ಲಾ ಮತ್ತು ಲಾಟಾರೊ ಮಾರ್ಟಿನೆಜ್ ಇಬ್ಬರದೂ 2029ರವರೆಗೆ ವಿಸ್ತರಣೆಯಾಯಿತು.

ಸ್ಲೊವಾಕಿಯಾದ ಅಂಗಿಯಲ್ಲಿ ಮಾತ್ರ ಈ ಏರಿಳಿತ ಅಷ್ಟಾಗಿ ಕಾಣಲಿಲ್ಲ. ಪ್ಯಾರಿಸ್‌ನಲ್ಲಿ ಬೆಂಚಿನ ಮೇಲಿದ್ದಾಗಲೇ 2024ರ ಯುರೋದಲ್ಲಿ ಅವರು ತಂಡದ ನಾಯಕ. ಫ್ರಾಂಕ್‌ಫರ್ಟ್‌ನಲ್ಲಿ ಬೆಲ್ಜಿಯಂ ವಿರುದ್ಧ 1-0 ಗೆಲುವು ಆ ಟೂರ್ನಿಯ ಮೊದಲ ದೊಡ್ಡ ಅಚ್ಚರಿ. ಗೆಲ್ಸೆನ್‌ಕಿರ್ಚೆನ್‌ನಲ್ಲಿ ಇಂಗ್ಲೆಂಡ್ ಎದುರು, 90 ನಿಮಿಷಗಳ ಮೇಲೆ ರೆಫರಿ ಸೇರಿಸಿದ ಹೊತ್ತಿನ ಐದನೇ ನಿಮಿಷದವರೆಗೂ ಸ್ಲೊವಾಕಿಯಾ ಮುಂದಿತ್ತು. ಜೂಡ್ ಬೆಲಿಂಗ್‌ಹ್ಯಾಮ್ ಗಾಳಿಯಲ್ಲಿ ಮಗುಚಿ ಹೊಡೆದ ಗೋಲು ಇಲ್ಲದಿದ್ದರೆ ಮಾರ್ಟಿನ್ ಶ್ಕರ್ಟೆಲ್, ಮಾರೆಕ್ ಹಮ್ಶಿಕ್ ಅವರ ತಲೆಮಾರು ಯುರೋದಲ್ಲಿ ತಲುಪದ ಕ್ವಾರ್ಟರ್ ಫೈನಲ್ ಈ ತಂಡಕ್ಕೆ ಒಲಿಯುತ್ತಿತ್ತು.

2025ರ ಜನವರಿಯಲ್ಲಿ ಅವರು ಎರವಲಾಗಿ ಇಸ್ತಾಂಬುಲ್‌ನ ಫೆನರ್ಬಾಚೆಗೆ ಹೋದರು. ಲಿವರ್‌ಪೂಲ್ ಬಿಟ್ಟ ಮೇಲೆ ಶ್ಕರ್ಟೆಲ್ ಮೂರು ಋತು ಆಡಿದ್ದು ಇದೇ ಕ್ಲಬ್ಬಿಗೆ, ಹಾಗಾಗಿ ಸ್ಲೊವಾಕ್ ಸೆಂಟರ್ ಬ್ಯಾಕ್ ಎಂದರೇನೆಂದು ಅಲ್ಲಿನ ಅಭಿಮಾನಿಗಳಿಗೆ ಹೇಳಿಕೊಡಬೇಕಿರಲಿಲ್ಲ. ಜೋಸೆ ಮೊರಿನ್ಯೊ ಅವರನ್ನು ಬಂದ ಕೂಡಲೇ ರಕ್ಷಣೆಯ ನಡುವೆ ನಿಲ್ಲಿಸಿದರು. ಅದೇ ವರ್ಷದ ಮೇ 31ರಂದು ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ ಎರಡು ತಂಡಗಳು ಪಿಎಸ್‌ಜಿ ಮತ್ತು ಇಂಟರ್. ಪ್ಯಾರಿಸ್ 5-0ರಿಂದ ಗೆದ್ದು ಮೊದಲ ಬಾರಿಗೆ ಆ ಕಪ್ ಎತ್ತಿತು. ಶ್ಕ್ರಿನಿಯಾರ್ ಕಾಗದದ ಮೇಲೆ ಆಗಲೂ ಪಿಎಸ್‌ಜಿ ಆಟಗಾರ. ಆ ಬೇಸಿಗೆಯಲ್ಲಿ ಫೆನರ್ಬಾಚೆ ಅವರನ್ನು ಕಾಯಂ ಆಗಿ ತೆಗೆದುಕೊಂಡು ನಾಯಕತ್ವವನ್ನೂ ವಹಿಸಿತು. 2023ರ ಜನವರಿಯ ಎಂಪೊಲಿ ಪಂದ್ಯದ ನಂತರ ಕ್ಲಬ್ ಮಟ್ಟದಲ್ಲಿ ಅವರ ಕೈಬಿಟ್ಟಿದ್ದ ಜವಾಬ್ದಾರಿ ಮೂವತ್ತನೇ ವಯಸ್ಸಿನಲ್ಲಿ ಮತ್ತೆ ಅವರದಾಯಿತು.